ಸರ್ವಿಸ್ ಡಾಗ್ ಬೇಕಾ? ಅದಕ್ಕೆ ಏನು ಕೆಲಸ ಅನ್ನೋದನ್ನ ಮೊದಲು ಬರೆದುಕೊಳ್ಳಿ

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ನನಗೆ ಆಗಾಗ ಈ ವಿಷಯಕ್ಕೆ ಫೋನ್ ಬರುತ್ತದೆ. ಮಗುವಿಗೆ ಆಟಿಸಂ ಇದೆ, ಸರ್ವಿಸ್ ಡಾಗ್ ಇದ್ದರೆ ಅನುಕೂಲ ಆಗುತ್ತದಂತೆ, ಹೌದಾ? ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ, ನಾಯಿ ಕೊಡುತ್ತಾರಾ? ಎಲ್ಲರೂ ಮೊದಲು ಕೇಳುವುದು ಎರಡೇ ಪ್ರಶ್ನೆ. ಎಲ್ಲಿ ಸಿಗುತ್ತದೆ? ಎಷ್ಟಾಗುತ್ತದೆ? ಎರಡಕ್ಕೂ ಮುಂದೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕಿಂತ ಮುಂಚೆ ಒಂದು ಹಾಳೆ ತೆಗೆದುಕೊಂಡು ಬರೆಯಬೇಕಾದದ್ದು ಬೇರೆ ಇದೆ: ನಾಯಿ ಬಂದರೆ ಅದು ದಿನಾ ಏನೇನು ಕೆಲಸ ಮಾಡಬೇಕು? ಕಾನೂನು, ಸಂಸ್ಥೆ, ಖರ್ಚು, ಕಾಯುವ ಕಾಲ, ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿದೆ.

ಕಾನೂನಿನಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂತು. ಎಲ್ಲರೂ ಅದನ್ನು ಎಡಿಎ ಅಂತಲೇ ಕರೆಯುತ್ತಾರೆ. 2010ರಲ್ಲಿ ಅದರ ನಿಯಮಗಳನ್ನು ತಿದ್ದಿದರು, 2011ರ ಮಾರ್ಚ್ 15ರಿಂದ ಜಾರಿಗೆ ಬಂದವು. ಅದರ ಪ್ರಕಾರ ಸರ್ವಿಸ್ ಡಾಗ್ ಅಂದರೆ ಒಬ್ಬ ವ್ಯಕ್ತಿಯ ಅಂಗವೈಕಲ್ಯಕ್ಕೆ ನೇರವಾಗಿ ಸಂಬಂಧಪಟ್ಟ ಕೆಲಸವನ್ನು ಮಾಡಲು ತರಬೇತಿ ಪಡೆದ ನಾಯಿ. ನಾಯಿ ಮಾತ್ರ. ಬೆಕ್ಕು, ಗಿಳಿ, ಮೊಲ ಆಗುವುದಿಲ್ಲ. ಪುಟ್ಟ ಜಾತಿಯ ಕುದುರೆಗೆ ಮಾತ್ರ ಬೇರೆ ಒಂದು ನಿಯಮ ಇದೆ. ನಾಯಿಯ ಜಾತಿ ಯಾವುದಾದರೂ ಪರವಾಗಿಲ್ಲ, ಗಾತ್ರವೂ ಎಷ್ಟಾದರೂ ಇರಲಿ. ಕೆಲಸ ಕಲಿತಿರಬೇಕು, ಅಷ್ಟೆ.

"ಅದು ಪಕ್ಕದಲ್ಲಿದ್ದರೆ ನನಗೆ ಸಮಾಧಾನ" ಅನ್ನುವುದು ನಿಜವೇ ಇರಬಹುದು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಕೆಲಸ ಅಲ್ಲ. ಅಂಥ ನಾಯಿಯನ್ನು ಎಮೋಷನಲ್ ಸಪೋರ್ಟ್ ಅನಿಮಲ್ ಅನ್ನುತ್ತಾರೆ, ಅದಕ್ಕೆ ಹೋಟೆಲ್ಲು, ಅಂಗಡಿಗಳಿಗೆ ಹೋಗುವ ಹಕ್ಕಿಲ್ಲ. ಅದೇ, ಯುದ್ಧದಿಂದ ಬಂದ ಸೈನಿಕನೊಬ್ಬ ನಿದ್ದೆಯಲ್ಲಿ ಕಿರುಚಿಕೊಂಡಾಗ ಓಡಿ ಬಂದು ಎಬ್ಬಿಸಲು, ಅಥವಾ ಗಾಬರಿ ಹೆಚ್ಚಾದಾಗ ತೊಡೆಯ ಮೇಲೆ ಪೂರ್ತಿ ಭಾರ ಹಾಕಿ ಮಲಗಲು ನಾಯಿಗೆ ಕಲಿಸಿದ್ದರೆ ಅದು ಸರ್ವಿಸ್ ಡಾಗ್. ಮನಸ್ಸಿನ ಕಾಯಿಲೆಯೂ ಅಂಗವೈಕಲ್ಯವೇ, ಅದಕ್ಕೂ ಹಕ್ಕಿದೆ. ಕಲಿಸಿದ ಕೆಲಸ ಇದೆಯೋ ಇಲ್ಲವೋ ಅನ್ನುವುದೇ ಎರಡರ ನಡುವಿನ ಗೆರೆ.

ಈಗ ಕೆಲಸಗಳ ವಿಷಯಕ್ಕೆ ಬರೋಣ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಗೈಡ್ ಡಾಗ್ ಎಲ್ಲರಿಗೂ ಗೊತ್ತು, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಾಯಿಗೆ ವಿಳಾಸ ಹೇಳಿದರೆ ಕರೆದುಕೊಂಡು ಹೋಗುವುದಿಲ್ಲ. ದಾರಿ ಗೊತ್ತಿರಬೇಕಾದದ್ದು ಮನುಷ್ಯನಿಗೆ. ಎಲ್ಲಿ ಬಲಕ್ಕೆ, ಎಷ್ಟು ರಸ್ತೆ ದಾಟಬೇಕು, ಎಲ್ಲ ಅವರ ತಲೆಯಲ್ಲಿರುತ್ತದೆ. ಫುಟ್‌ಪಾತಿನ ಅಂಚು ಬಂದಾಗ ನಿಲ್ಲುವುದು, ಮೆಟ್ಟಿಲು ಬಂದಾಗ ನಿಲ್ಲುವುದು, ಕಂಬ, ಗುಂಡಿ, ತಲೆಗೆ ತಾಗುವ ಕೊಂಬೆ ಇದ್ದರೆ ಸುತ್ತಿಸಿ ಕರೆದೊಯ್ಯುವುದು, ಇದು ನಾಯಿಯ ಪಾಲು. ಟ್ರಾಫಿಕ್ ದೀಪವನ್ನೂ ನಾಯಿ ನೋಡುವುದಿಲ್ಲ. ವಾಹನಗಳ ಸದ್ದು ಕೇಳಿ, ಈಗ ದಾಟಬಹುದು ಅಂತ ತೀರ್ಮಾನಿಸುವವರು ಮನುಷ್ಯರೇ, "ಫಾರ್ವರ್ಡ್" ಅನ್ನುವವರೂ ಅವರೇ. ಆಗ ಸದ್ದಿಲ್ಲದ ಎಲೆಕ್ಟ್ರಿಕ್ ಕಾರೊಂದು ತಿರುಗಿ ಬಂದರೆ? ನಾಯಿ ಮಾತು ಕೇಳುವುದಿಲ್ಲ. ಅಲ್ಲೇ ನಿಂತುಬಿಡುತ್ತದೆ, ಇಲ್ಲವೇ ಅಡ್ಡ ಬರುತ್ತದೆ. ಅಪ್ಪಣೆ ಪಾಲಿಸುವುದನ್ನು ತಿಂಗಳುಗಟ್ಟಲೆ ಕಲಿಸಿದ ಮೇಲೆ, ಯಾವಾಗ ಮೀರಬೇಕು ಅನ್ನುವುದನ್ನೂ ಕಲಿಸುತ್ತಾರೆ. ಇಡೀ ತರಬೇತಿಯಲ್ಲಿ ಇದೇ ಕಷ್ಟದ ಪಾಠ ಅಂತ ನನ್ನ ಅನಿಸಿಕೆ.

ಅದಕ್ಕೇ ಗೈಡ್ ಡಾಗ್ ಕೊಡುವ ಸಂಸ್ಥೆಗಳು ಮೊದಲು ಕೇಳುವುದು, ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡಲು ಬರುತ್ತದಾ ಅಂತ. ಬರದಿದ್ದರೆ ಮೊದಲು ಅದನ್ನು ಕಲಿತು ಬನ್ನಿ ಅನ್ನುತ್ತಾರೆ. ಇತ್ತೀಚೆಗೆ ಕಣ್ಣು ಕಳೆದುಕೊಂಡವರ ಮನೆಯವರಿಗೆ ಇದು ನಿರಾಸೆ ತರುತ್ತದೆ, ಆದರೆ ಸಂಸ್ಥೆಯವರು ಹೇಳುವುದು ಸರಿ. ದಾರಿ ಗೊತ್ತಿಲ್ಲದವರ ಕೈಗೆ ನಾಯಿ ಕೊಟ್ಟರೆ ಇಬ್ಬರೂ ದಾರಿ ತಪ್ಪುತ್ತಾರೆ.

ವೀಲ್‌ಚೇರಿನಲ್ಲಿರುವವರ ನಾಯಿಯ ಕೆಲಸ ಬೇರೆಯೇ. ಫ್ರಿಜ್ ಹಿಡಿಗೆ ಒಂದು ಹಗ್ಗ ಕಟ್ಟಿರುತ್ತಾರೆ, ನಾಯಿ ಅದನ್ನು ಕಚ್ಚಿ ಎಳೆದು ಬಾಗಿಲು ತೆಗೆಯುತ್ತದೆ. ಮೂಗಿನಿಂದ ಲೈಟ್ ಸ್ವಿಚ್ ಒತ್ತುತ್ತದೆ. ಬಿದ್ದದ್ದನ್ನು ಎತ್ತಿಕೊಡುತ್ತದೆ. ಸುಲಭ ಅನಿಸುತ್ತದೆ ಅಲ್ವಾ? ನುಣುಪಾದ ನೆಲದ ಮೇಲೆ ಅಂಗಾತ ಬಿದ್ದ ಕ್ರೆಡಿಟ್ ಕಾರ್ಡನ್ನು ಒಂದು ಲ್ಯಾಬ್ರಡಾರ್ ಎತ್ತುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಲ್ಲಿಗೆ ಸಿಗಲಿಲ್ಲ. ಮುಂಗಾಲಿನಿಂದ ಸ್ವಲ್ಪ ಸರಿಸಿತು, ತುಟಿ ಒತ್ತಿತು, ನಾಲಿಗೆಯಿಂದ ಅಂಚು ಹುಡುಕಿತು, ಕಡೆಗೆ ಗೋಡೆಯ ಹತ್ತಿರ ತಳ್ಳಿಕೊಂಡು ಹೋಗಿ ಅಂಚು ಮೇಲೆದ್ದ ತಕ್ಷಣ ಕಚ್ಚಿಕೊಂಡಿತು. ಆಮೇಲೆ ತಂದು ವೀಲ್‌ಚೇರಿನಲ್ಲಿದ್ದ ಒಡತಿಯ ತೊಡೆಯ ಮೇಲಿಟ್ಟಿತು. ಆ ಹೆಣ್ಣುಮಗಳ ಕೈಗೆ ಹಿಡಿತ ಇರಲಿಲ್ಲ, ಕಾರ್ಡು ಮತ್ತೆ ಬಿತ್ತು. ನಾಯಿ ಮತ್ತೆ ಹೋಯಿತು. ಅಷ್ಟು ಹೊತ್ತೂ ಅವರು ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ, ಕರೆಯುವ ಅಗತ್ಯವೂ ಬೀಳಲಿಲ್ಲ.

ಕಿವಿ ಕೇಳದವರ ನಾಯಿ ಬಾಗಿಲ ಗಂಟೆ, ಹೊಗೆಯ ಅಲಾರಂ, ಮಗುವಿನ ಅಳು ಕೇಳಿದರೆ ಬಂದು ಮೂಗಿನಿಂದ ತಿವಿದು, ಸದ್ದು ಬಂದ ಕಡೆಗೆ ಕರೆದುಕೊಂಡು ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗ ಮೈವಾಸನೆಯಲ್ಲಿ ಆಗುವ ಬದಲಾವಣೆಯನ್ನು ಗುರುತಿಸಲು ಕಲಿತ ನಾಯಿಗಳೂ ಇವೆ. ಆದರೆ ಗ್ಲುಕೋಸ್ ಮೀಟರ್ ಬಿಟ್ಟು ನಾಯಿಯನ್ನೇ ನಂಬಿಕೊಳ್ಳುವ ಹಾಗಿಲ್ಲ.

ಮೂರ್ಛೆ ರೋಗದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫಿಟ್ಸ್ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಕಲಿಸಬಹುದು. ಬೊಗಳಿ ಮನೆಯವರನ್ನು ಕರೆಯುವುದು, ಪಕ್ಕದಲ್ಲೇ ಇರುವುದು, ಸಹಾಯದ ಬಟನ್ ಒತ್ತುವುದು, ಇದೆಲ್ಲ ಆಗುತ್ತದೆ. ಬರುವ ಮೊದಲೇ ಹೇಳುವುದನ್ನು ಕೆಲವು ನಾಯಿಗಳು ಆ ವ್ಯಕ್ತಿಯ ಜೊತೆ ಇದ್ದು ಇದ್ದು ತಾವಾಗಿ ಕಲಿಯುತ್ತವೆ. ಹೀಗೇ ಕಲಿಸಿಕೊಡುತ್ತೇನೆ ಅಂತ ಗ್ಯಾರಂಟಿ ಕೊಡಲು ಯಾರಿಗೂ ಸಾಧ್ಯವಿಲ್ಲ. ಗ್ಯಾರಂಟಿ ಕೊಟ್ಟು ದುಡ್ಡು ಕೇಳುವವರಿಂದ ದೂರ ಇರಿ.

ಇನ್ನು ಕಾರ್ಡು, ಸರ್ಟಿಫಿಕೇಟಿನ ಗೊಂದಲ. ಸರ್ವಿಸ್ ಡಾಗ್‌ಗೆ ಸರ್ಕಾರದ ನೋಂದಣಿ ಅನ್ನುವುದೇ ಇಲ್ಲ. ಗುರುತಿನ ಚೀಟಿ ಬೇಕಿಲ್ಲ, ಬಟ್ಟೆಯ ಜಾಕೆಟ್ ಕೂಡ ಕಡ್ಡಾಯ ಅಲ್ಲ. ಆನ್‌ಲೈನಿನಲ್ಲಿ ದುಡ್ಡು ತೆಗೆದುಕೊಂಡು "ರಿಜಿಸ್ಟರ್" ಮಾಡಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ, ಅವು ಕೊಡುವ ಕಾಗದದಿಂದ ಯಾವ ಹಕ್ಕೂ ಬರುವುದಿಲ್ಲ. ನ್ಯಾಯ ಇಲಾಖೆಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಾಕಿದ ನಾಯಿಗೆ ಜಾಕೆಟ್ ತೊಡಿಸಿ ಸರ್ವಿಸ್ ಡಾಗ್ ಅಂತ ಸುಳ್ಳು ಹೇಳುವುದು ಹಲವು ರಾಜ್ಯಗಳಲ್ಲಿ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ಇದರಲ್ಲಿ ನನಗೆ ನಿಜವಾಗಿ ಸಿಟ್ಟು ಬರುವುದು ಯಾಕೆ ಅಂದರೆ, ಅಂಥ ಒಂದು ನಾಯಿ ಅಂಗಡಿಯಲ್ಲಿ ಗಲಾಟೆ ಮಾಡಿದರೆ, ನಾಳೆ ಅದೇ ಅಂಗಡಿಗೆ ಬರುವ ಕಣ್ಣು ಕಾಣದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಹೋಟೆಲಿನವರು, ಅಂಗಡಿಯವರು ಕೇಳಬಹುದಾದದ್ದು ಎರಡೇ. ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗಾ ಇದು? ಇದಕ್ಕೆ ಯಾವ ಕೆಲಸ ಕಲಿಸಿದ್ದೀರಿ? ಏನು ಕಾಯಿಲೆ ಅಂತ ಕೇಳುವಂತಿಲ್ಲ. ಕಾಗದ ತೋರಿಸಿ, ಆ ಕೆಲಸ ಮಾಡಿಸಿ ತೋರಿಸಿ ಅನ್ನುವಂತಿಲ್ಲ. ನೋಡಿ, ಹಾಳೆಯಲ್ಲಿ ಬರೆದುಕೊಳ್ಳಿ ಅಂದೆನಲ್ಲ, ಆ ಉತ್ತರ ಇಲ್ಲಿ ದಿನಾ ಬೇಕಾಗುತ್ತದೆ. ಇಲ್ಲಿ ಉಡುಪಿ ಹೋಟೆಲ್ ನಡೆಸುವವರೂ ಇದನ್ನು ತಿಳಿದುಕೊಂಡಿರಬೇಕು: ಬೇರೆ ಗಿರಾಕಿಗಳಿಗೆ ಭಯ, ಇನ್ಯಾರಿಗೋ ಅಲರ್ಜಿ, ಅಡುಗೆಯ ಜಾಗ, ಇದ್ಯಾವುದನ್ನೂ ಕಾರಣ ಮಾಡಿ ಊಟದ ಹಾಲ್‌ಗೆ ಬಿಡದೆ ಇರುವಂತಿಲ್ಲ. ನಾಯಿ ಹಿಡಿತ ತಪ್ಪಿ ಗಲಾಟೆ ಮಾಡಿದರೆ, ಒಡೆಯರು ಅದನ್ನು ಸುಮ್ಮನಾಗಿಸದಿದ್ದರೆ, ಅಥವಾ ಒಳಗೆ ಗಲೀಜು ಮಾಡಿದರೆ ಹೊರಗೆ ಕಳಿಸಬಹುದು. ಆಗಲೂ ನಾಯಿಯನ್ನು ಮಾತ್ರ. ಮನುಷ್ಯರಿಗೆ ಊಟ ಇಲ್ಲ ಅನ್ನುವಂತಿಲ್ಲ.

ನಮ್ಮವರಿಗೆ ಆಶ್ಚರ್ಯ ಆಗುವ ಒಂದು ವಿಷಯ ಇದೆ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ಭಾಗ ಅನ್ವಯಿಸುವುದಿಲ್ಲ. ಚರ್ಚು, ಮಸೀದಿ, ನಮ್ಮ ದೇವಸ್ಥಾನ, ಯಾವುದಕ್ಕೂ ಇಲ್ಲ. ಹಾಗಾಗಿ ದೇವಸ್ಥಾನದೊಳಗೆ ನಾಯಿಯನ್ನು ಬಿಡುವುದು ಬಿಡದಿರುವುದು ಅಲ್ಲಿನ ಸಮಿತಿಯ ಕೈಯಲ್ಲಿದೆ. ಮೊದಲೇ ಫೋನ್ ಮಾಡಿ ಕೇಳಿ. ಸಮಿತಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಗರ್ಭಗುಡಿಯ ಹತ್ತಿರ ಬೇಡ ಅಂತಿದ್ದರೆ ಹಾಲ್‌ನಲ್ಲಿ, ಊಟದ ಕಡೆ ಎಲ್ಲಿಯವರೆಗೆ ಬರಬಹುದು ಅಂತ ಒಂದು ನಿಯಮ ಈಗಲೇ ಮಾಡಿಡಿ. ಹಬ್ಬದ ದಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ಚರ್ಚೆ ಮಾಡುವುದು ಯಾರಿಗೂ ಒಳ್ಳೆಯದಲ್ಲ.

ಬಾಡಿಗೆ ಮನೆಗೆ ಬೇರೆ ಕಾಯ್ದೆ ಇದೆ. "ಪೆಟ್ಸ್ ಇಲ್ಲ" ಅನ್ನುವ ಮನೆಯಲ್ಲೂ ಸಾಮಾನ್ಯವಾಗಿ ಒಪ್ಪಲೇಬೇಕು, ಪೆಟ್ ಶುಲ್ಕ ಕೇಳುವಂತಿಲ್ಲ. ವಿಮಾನದ್ದು ಇನ್ನೊಂದು ನಿಯಮ, 2021ರ ಜನವರಿಯಿಂದ ಬಿಗಿಯಾಗಿದೆ: ಸಾರಿಗೆ ಇಲಾಖೆಯ ಒಂದು ಫಾರಂ ತುಂಬಿಕೊಡಬೇಕು, ನಾಯಿ ನಿಮ್ಮ ಕಾಲಿನ ಜಾಗದಲ್ಲಿ ಹಿಡಿಸಬೇಕು. ಫಾರಂನಲ್ಲಿ ಸುಳ್ಳು ಹೇಳಿದರೆ ಅದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಎಮೋಷನಲ್ ಸಪೋರ್ಟ್ ನಾಯಿಗಳನ್ನು ವಿಮಾನದವರು ಈಗ ಸಾಕುಪ್ರಾಣಿ ಅಂತಲೇ ಲೆಕ್ಕ ಹಾಕಬಹುದು. ಕೆಲಸದ ಜಾಗದಲ್ಲಿ ಸುಮ್ನೆ ಕರೆದುಕೊಂಡು ಹೋಗುವ ಹಾಗಿಲ್ಲ, ಕಂಪನಿಯ ಹತ್ತಿರ ಅನುಕೂಲ ಕೇಳಿ ಒಪ್ಪಿಗೆ ಪಡೆಯಬೇಕು.

ಶಾಲೆಯದ್ದು ಸ್ವಲ್ಪ ಸೂಕ್ಷ್ಮ. ಮಿಷಿಗನ್ ರಾಜ್ಯದಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದ್ದ ಎಲೀನಾ ಫ್ರೈ ಎಂಬ ಹುಡುಗಿಗೆ ವಂಡರ್ ಅನ್ನುವ ಗೋಲ್ಡನ್‌ಡೂಡಲ್ ನಾಯಿ ಇತ್ತು. ಬಾಗಿಲು ತೆಗೆಯುತ್ತಿತ್ತು, ಬಿದ್ದದ್ದು ಎತ್ತಿಕೊಡುತ್ತಿತ್ತು. ಶಾಲೆಯವರು, ಸಹಾಯಕ್ಕೆ ಒಬ್ಬರು ಇದ್ದಾರಲ್ಲ, ನಾಯಿ ಯಾಕೆ ಅಂತ ಬೇಡ ಅಂದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಎಂಟೂ ನ್ಯಾಯಮೂರ್ತಿಗಳು ಆ ಕುಟುಂಬದ ಪರವಾಗಿ ತೀರ್ಪು ಕೊಟ್ಟರು. ದೂರು ವಿಶೇಷ ಶಿಕ್ಷಣದ ಬಗ್ಗೆ ಅಲ್ಲದೆ ಅಂಗವೈಕಲ್ಯದ ತಾರತಮ್ಯದ ಬಗ್ಗೆ ಇದ್ದರೆ, ಮೊದಲು ಶಿಕ್ಷಣ ಇಲಾಖೆಯ ಉದ್ದನೆಯ ವಿಚಾರಣೆ ಮುಗಿಸಿ ಬರಬೇಕಿಲ್ಲ, ನೇರವಾಗಿ ಕೋರ್ಟಿಗೆ ಬರಬಹುದು ಅನ್ನುವುದು ಆ ತೀರ್ಪಿನ ಸಾರ. ಆದರೆ ನಾಯಿಯನ್ನು ನೋಡಿಕೊಳ್ಳುವ ಕೆಲಸ ಶಾಲೆಯದ್ದಲ್ಲ. ಮಗು ತಾನೇ ನಾಯಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಯಾರು ಹಿಡಿಯುತ್ತಾರೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆಟಿಸಂ ಇರುವ ಚಿಕ್ಕ ಮಕ್ಕಳಿಗೆ ಅನೇಕ ಸಂಸ್ಥೆಗಳು ನಾಯಿ ಕೊಟ್ಟಾಗ ಅದರ ಹೊಣೆಯನ್ನು ಅಪ್ಪ ಅಥವಾ ಅಮ್ಮನಿಗೆ ಕೊಡುತ್ತವೆ. ಅಂದರೆ ಶಾಲೆಯಲ್ಲಿ ಕೆಲಸ ಮಾಡಲಿ ಅಂತ ನಾಯಿ ಬೇಕಾ, ಮನೆ ಮತ್ತು ಅಂಗಡಿಗೆ ಸಾಕಾ ಅನ್ನುವುದನ್ನು ಮೊದಲೇ ಯೋಚಿಸಬೇಕು.

ಅರ್ಜಿ ಹಾಕಿದ ಮೇಲೆ ನಾಯಿಗಾಗಿ ಎರಡು ವರ್ಷ ಯಾಕೆ ಕಾಯಿಸುತ್ತಾರೆ ಅಂತ ಎಲ್ಲರಿಗೂ ಬೇಸರ. ನಾಯಿ ತಯಾರಾಗುವ ಬಗೆ ತಿಳಿದರೆ ಅರ್ಥವಾಗುತ್ತದೆ. ದೊಡ್ಡ ಸಂಸ್ಥೆಗಳು ತಮ್ಮದೇ ತಳಿಯ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಅಥವಾ ಮೊದಲ ಎರಡರ ಮಿಶ್ರತಳಿ ಸಾಕುತ್ತವೆ. ಮರಿಗೆ ಸುಮಾರು ಎಂಟು ವಾರ ಆದಾಗ ಪಪ್ಪಿ ರೈಸರ್ ಅನ್ನುವ ಸ್ವಯಂಸೇವಕರ ಮನೆಗೆ ಹೋಗುತ್ತದೆ. ಅವರು ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಬಸ್ಸು, ಲಿಫ್ಟು, ಮಾರ್ಕೆಟ್ಟು, ಪಟಾಕಿ ಸದ್ದು ಎಲ್ಲ ಅಭ್ಯಾಸ ಮಾಡಿಸಿ, ಸಾಕಿ, ಕಣ್ಣೀರು ಹಾಕಿಕೊಂಡು ವಾಪಸ್ ಕೊಡುತ್ತಾರೆ. ಆಮೇಲೆ ವೃತ್ತಿಪರ ತರಬೇತುದಾರರ ಹತ್ತಿರ ಹಲವು ತಿಂಗಳು. ಈ ದಾರಿಯಲ್ಲಿ ಬಹಳಷ್ಟು ನಾಯಿಗಳು ಆಯ್ಕೆಯಾಗದೆ ಉಳಿಯುತ್ತವೆ, ಕೆಲವು ಸಂಸ್ಥೆಗಳಲ್ಲಿ ಅರ್ಧದಷ್ಟು. ಒಂದಕ್ಕೆ ಸೊಂಟದ ಮೂಳೆ ಸರಿ ಇಲ್ಲ, ಇನ್ನೊಂದಕ್ಕೆ ಅಳಿಲು ಕಂಡರೆ ತಡೆಯಲು ಆಗುವುದಿಲ್ಲ, ಮತ್ತೊಂದಕ್ಕೆ ಆ ಕೆಲಸವೇ ಇಷ್ಟವಿಲ್ಲ. ಉಳಿದವುಗಳಲ್ಲಿ ನಿಮ್ಮ ನಡಿಗೆಯ ವೇಗ, ಮೈತೂಕ, ಮನೆ, ಸ್ವಭಾವಕ್ಕೆ ಹೊಂದುವುದನ್ನು ಹುಡುಕಬೇಕು. ಹೆಣ್ಣು ಗಂಡಿನ ಜಾತಕ ನೋಡಿದಷ್ಟೇ ಕೂಲಂಕಷವಾಗಿ ಜೋಡಿ ಮಾಡುತ್ತಾರೆ. ಕೊನೆಯಲ್ಲಿ ನೀವೇ ಹೋಗಿ ಎರಡು ಮೂರು ವಾರ ಅಲ್ಲೇ ಇದ್ದು ನಾಯಿಯ ಜೊತೆ ಕಲಿಯಬೇಕು. ಆಫೀಸಿಗೆ ರಜಾ ಹಾಕಲೇಬೇಕು.

ಇಷ್ಟೆಲ್ಲ ಸೇರಿ ಒಂದು ನಾಯಿಗೆ ಹತ್ತಾರು ಸಾವಿರ ಡಾಲರ್ ಖರ್ಚಾಗುತ್ತದೆ. ಆದರೆ ಅಷ್ಟನ್ನೂ ನಿಮ್ಮ ಹತ್ತಿರ ಕೇಳುವುದಿಲ್ಲ! ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿರುವ ಸೀಯಿಂಗ್ ಐ ಅಮೆರಿಕದ ಅತ್ಯಂತ ಹಳೆಯ ಗೈಡ್ ಡಾಗ್ ಶಾಲೆ, 1929ರಿಂದ ಇದೆ. ಅವರು ಮೊದಲ ನಾಯಿಗೆ ತೆಗೆದುಕೊಳ್ಳುವುದು 150 ಡಾಲರ್, ಮುಂದಿನ ನಾಯಿಗೆ 50, ಮಾಜಿ ಸೈನಿಕರಿಗೆ 1 ಡಾಲರ್. ಬಿಟ್ಟಿ ಅನಿಸಬಾರದು, ನನ್ನ ದುಡ್ಡಲ್ಲಿ ತಂದೆ ಅನ್ನುವ ಗೌರವ ಇರಲಿ ಅಂತ ಆ ಮೊತ್ತ ಇಟ್ಟಿದ್ದಾರೆ. ತರಬೇತಿ, ಊಟ, ವಸತಿ, ಪ್ರಯಾಣ ಎಲ್ಲ ಅದರಲ್ಲೇ. ಕ್ಯಾಲಿಫೋರ್ನಿಯಾದ ಸ್ಯಾನ್ ರಫೆಲ್‌ನ ಗೈಡ್ ಡಾಗ್ಸ್ ಫಾರ್ ದ ಬ್ಲೈಂಡ್ ಉಚಿತವಾಗಿ ಕೊಡುತ್ತದೆ. 1975ರಲ್ಲಿ ಸಾಂಟಾ ರೋಸಾದಲ್ಲಿ ಶುರುವಾದ ಕೆನೈನ್ ಕಂಪ್ಯಾನಿಯನ್ಸ್ ವೀಲ್‌ಚೇರಿನವರಿಗೆ, ಕಿವಿ ಕೇಳದವರಿಗೆ, ಮಕ್ಕಳಿಗೆ ಉಚಿತವಾಗಿ ಕೊಡುತ್ತದೆ. ಒಹಾಯೋದ ಫೋರ್ ಪಾಸ್ ಫಾರ್ ಎಬಿಲಿಟಿ ಮಕ್ಕಳ ಕಡೆ ಹೆಚ್ಚು ಗಮನ ಕೊಡುತ್ತದೆ. ಅಲ್ಲಿ ಕುಟುಂಬವೂ ಚಂದಾ ಎತ್ತುವುದರಲ್ಲಿ ಕೈಜೋಡಿಸಬೇಕು. ಬೇರೆ ಸಂಸ್ಥೆ ಹುಡುಕುವಾಗ ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಮಾನ್ಯತೆ ಇದೆಯಾ ನೋಡಿ. ಗೈಡ್ ಡಾಗ್‌ಗೆ ಇಂಟರ್‌ನ್ಯಾಷನಲ್ ಗೈಡ್ ಡಾಗ್ ಫೆಡರೇಷನ್. ಇವೆರಡೂ ಮಾನ್ಯತೆ ಕೊಟ್ಟ ಸಂಸ್ಥೆಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಬರೆಯಿರಿ, ನಿಮಗೆ ಬೇಕಾದ ಕೆಲಸ ಅವರ ನಾಯಿಗಳಿಗೆ ಕಲಿಸುತ್ತಾರಾ, ನಿಮ್ಮ ರಾಜ್ಯಕ್ಕೆ ಕೊಡುತ್ತಾರಾ ಅಂತ ಕೇಳಿ.

ಸ್ವಂತವಾಗಿ ತರಬೇತಿ ಕೊಡಬಹುದಾ? ಕೊಡಬಹುದು. ಎಡಿಎ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ತರಬೇತಿ ಮುಗಿಯುವವರೆಗೆ ಎಡಿಎ ಪ್ರಕಾರ ಹೊರಗಿನ ಪ್ರವೇಶದ ಹಕ್ಕಿಲ್ಲ, ಅದನ್ನು ರಾಜ್ಯದ ಕಾನೂನು ನೋಡಿ ತಿಳಿಯಬೇಕು. ಎರಡು ವರ್ಷ ದಿನಾ ಮಾಡುವ ತಾಳ್ಮೆ, ಒಳ್ಳೆಯ ತರಬೇತುದಾರರ ಜೊತೆ, ಎರಡೂ ಬೇಕು. ಅಷ್ಟೆಲ್ಲ ಆದ ಮೇಲೂ ಆ ನಾಯಿ ಈ ಕೆಲಸಕ್ಕೆ ಆಗದೆ ಹೋಗಬಹುದು. "ಮೂರು ತಿಂಗಳ ಮರಿ, ಪೂರ್ತಿ ತಯಾರಾಗಿದೆ" ಅಂತ ಮಾರುವವರನ್ನು ಮಾತ್ರ ನಂಬಬೇಡಿ. ಸಕ್ಕರೆ ಇಳಿದದ್ದನ್ನು ಗುರುತಿಸುವ ನಾಯಿ ಅಂತ 18,000ದಿಂದ 27,000 ಡಾಲರ್‌ಗೆ ಮರಿಗಳನ್ನು ಮಾರಿದ ಒಂದು ಕಂಪನಿಯ ಮೇಲೆ ವರ್ಜೀನಿಯಾದ ಅಟಾರ್ನಿ ಜನರಲ್ 2018ರಲ್ಲಿ ಕೇಸು ಹಾಕಿದರು. ಮನೆಗೆ ಬಂದ ಮರಿಗಳಿಗೆ ಸಾಮಾನ್ಯ ಶಿಸ್ತೂ ಬರುತ್ತಿರಲಿಲ್ಲ ಅನ್ನುವುದು ಆರೋಪ. ಮಗುವಿನ ಕಾಯಿಲೆಯಿಂದ ಕಂಗೆಟ್ಟ ಅಪ್ಪ ಅಮ್ಮಂದಿರು ಇಂಥವರ ಕೈಗೆ ಬೇಗ ಸಿಕ್ಕಿಕೊಳ್ಳುತ್ತಾರೆ. ಮುಂಗಡ ಕೊಡುವ ಮೊದಲು, ಅವರಿಂದ ನಾಯಿ ತಂದ ಎರಡು ಮೂರು ಮನೆಯವರ ಜೊತೆ ನೀವೇ ಮಾತಾಡಿ.

ನಾಯಿ ಉಚಿತವಾಗಿ ಬಂದರೂ ಆಹಾರ, ಡಾಕ್ಟರು, ಲಸಿಕೆ ನಿಮ್ಮದೇ. ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಆದರೆ ಸರ್ವಿಸ್ ಡಾಗ್ ಕೊಳ್ಳುವ, ಸಾಕುವ ಖರ್ಚನ್ನು ತೆರಿಗೆಯವರು ವೈದ್ಯಕೀಯ ಖರ್ಚು ಅಂತ ಒಪ್ಪುತ್ತಾರೆ. ರಸೀದಿ ಎಲ್ಲ ಇಟ್ಟುಕೊಳ್ಳಿ.

ಇನ್ನು ಮನೆಯೊಳಗಿನ ಮಾತು. ಈ ನಾಯಿ ಅಂಗಳದಲ್ಲಿ ಇರುವ ನಾಯಿ ಅಲ್ಲ, ಮಲಗುವ ಕೋಣೆಯವರೆಗೂ ಬರುತ್ತದೆ. ಸಂಸ್ಥೆಯವರು ಹೇಳಿದ ಆಹಾರವನ್ನೇ ಹಾಕಬೇಕು, ಅದರಲ್ಲಿ ಮಾಂಸ ಇರುತ್ತದೆ. ಸಸ್ಯಾಹಾರದ ಮನೆಯಲ್ಲಿ ಇದನ್ನು ಅರ್ಜಿ ಹಾಕುವ ಮೊದಲೇ ಮಾತಾಡಿಕೊಳ್ಳಿ. ದೇವರ ಕೋಣೆಗೆ ಬರಬಾರದು ಅಂದರೆ ಅದನ್ನು ಕಲಿಸುವುದು ಸುಲಭ, ಈ ನಾಯಿಗಳು ಹೊಸ್ತಿಲು ದಾಟಬೇಡ ಅಂದರೆ ದಾಟುವುದಿಲ್ಲ. ಕಲಿಸಬೇಕಾದದ್ದು ಜಾಸ್ತಿ ಇರುವುದು ಊರಿಂದ ಆರು ತಿಂಗಳಿಗೆ ಬರುವ ಅಜ್ಜಿ ತಾತನಿಗೆ. ಮೊದಲ ವಾರ ಭಯ. ಎರಡನೇ ತಿಂಗಳಿಗೆ "ಪಾಪ, ಬಾಯಿ ನೋಡ್ತಿದೆ" ಅಂತ ತಟ್ಟೆಯಿಂದಲೇ ಒಂದು ತುತ್ತು. ಹಾಗೆ ರುಚಿ ಹತ್ತಿದ ನಾಯಿ ಹೋಟೆಲಿನಲ್ಲಿ ಟೇಬಲ್ ಕೆಳಗೆ ಸುಮ್ಮನೆ ಮಲಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಯನ್ನೇ ಹಾಳು ಮಾಡಬಹುದು. ಶಾವಿಗೆ ಪಾಯಸ ಪ್ರೀತಿಯಿಂದಲೇ ಹಾಕಿರುತ್ತಾರೆ, ರಾತ್ರಿ ಪಶುವೈದ್ಯರ ಎಮರ್ಜೆನ್ಸಿಗೆ ಓಡಬೇಕಾಗುತ್ತದೆ. ಅಡುಗೆಮನೆಯ ಗೋಡೆಗೆ ಕನ್ನಡದಲ್ಲೇ ಬರೆದು ಅಂಟಿಸಿ.

ಊರಿಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ ಬಹಳ ಮುಂಚೆ ತಯಾರಿ ಮಾಡಿ. ಭಾರತಕ್ಕೆ ಒಳಗೆ ಬರಲು ಅಲ್ಲಿನ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ ಬೇಕು. ವಾಪಸ್ ಬರುವುದು ಇನ್ನೂ ಬಿಗಿ: ಅಮೆರಿಕದ ಲೆಕ್ಕದಲ್ಲಿ ಭಾರತ ರೇಬೀಸ್ ಅಪಾಯ ಹೆಚ್ಚಿರುವ ದೇಶ, 2024ರ ಆಗಸ್ಟ್ 1ರಿಂದ ಹೊಸ ನಿಯಮ ಇದೆ, ಅಮೆರಿಕದಲ್ಲಿ ಹಾಕಿಸಿದ ಲಸಿಕೆಯ ಫಾರಂ ಹೊರಡುವ ಮೊದಲೇ ಮಾಡಿಸಿಕೊಂಡಿರಬೇಕು, ನಾಯಿಗೆ ಮೈಕ್ರೋಚಿಪ್ ಇರಬೇಕು. ಸರ್ವಿಸ್ ಡಾಗ್ ಅಂತ ವಿನಾಯಿತಿ ಇಲ್ಲ. ಅದೂ ಅಲ್ಲದೆ, ಬೆಂಗಳೂರಿನ ಗಲ್ಲಿಯಲ್ಲಿ ನಾಲ್ಕು ಬೀದಿನಾಯಿ ಸುತ್ತುಗಟ್ಟಿದರೆ ಗೈಡ್ ಡಾಗ್ ಕೆಲಸ ಮಾಡಲಾರದು. ಎರಡು ವಾರದ ಮದುವೆ ಪ್ರವಾಸಕ್ಕೆ ಹೋಗುವುದಾದರೆ ಬಿಳಿ ಕೋಲು ಹಿಡಿದು ಹೋಗಿ, ನಾಯಿಯನ್ನು ಇಲ್ಲೇ ಗೊತ್ತಿರುವವರ ಹತ್ತಿರ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ ವಯಸ್ಸಿಗೆ ಈ ನಾಯಿಗಳು ನಿವೃತ್ತಿ ಆಗುತ್ತವೆ. ಆಮೇಲೆ ಸಾಕುನಾಯಿಯಾಗಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದು, ಇಲ್ಲವೇ ಮರಿಯಲ್ಲಿ ಸಾಕಿದವರು ಕರೆದುಕೊಂಡು ಹೋಗುವುದೂ ಉಂಟು. ಮುಂದಿನ ನಾಯಿಗೂ ಮತ್ತೆ ಕಾಯಬೇಕು. ಹಾಗಾಗಿ ನಡಿಗೆ ನಿಧಾನ ಆಗುತ್ತಿದೆ, ಬೆಳಿಗ್ಗೆ ಏಳಲು ತಡ ಮಾಡುತ್ತಿದೆ ಅನಿಸಿದ ದಿನವೇ ಸಂಸ್ಥೆಗೆ ಫೋನ್ ಮಾಡಿ ಹೆಸರು ಬರೆಸಿಬಿಡಿ.